ಬಿಲ್ಲು ಭಾಸ್ಕರನೂ ಫೋಮಿನ ಜಿಂಕೆಯೂ

ಬಿಲ್ಲು ಅಂದರೆ ಏನು ಮಹಾ! ಒಂದು ಬಾಗಿದ ಕೋಲು, ಅದಕ್ಕೊಂದು ದಾರ. ಚಿಕ್ಕಂದಿನಲ್ಲಿ ಕಸ ಗುಡಿಸುವ ಹಿಡಿಸೂಡಿಯಿಂದ ಕಡ್ಡಿ ಎಳೆದು, ಬಾಗಿಸಿ, ನೂಲು ಕಟ್ಟಿ, ಅಜ್ಜಿಯ ಬೆನ್ನಿಗೆ ಬಾಣ ಬಿಟ್ಟು, ಅದೇ ಹಿಡಿಸೂಡಿಯಿಂದ ಪೆಟ್ಟು ತಿಂದವನು ನಾನು. ಇಷ್ಟು ಅನುಭವ ಇರುವವನಿಗೆ ಒಂದು ಜಿಂಕೆ ಹೊಡೆಯುವುದು ಯಾವ ದೊಡ್ಡ ವಿಷಯ? ಹೀಗೆಂದು 1990ರ ಬೇಸಿಗೆಯಲ್ಲಿ, ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಏಸಿ ತಂಪಿನಲ್ಲಿ ಕೂತು ನಾನು ಯೋಚಿಸಿದ್ದೆ. ಆ ಯೋಚನೆ ಬಂದ ಗಳಿಗೆಗೆ ಈಗಲೂ ಶಾಪ ಹಾಕುತ್ತಿದ್ದೇನೆ.

ಮೊದಲು ನನ್ನ ಹೆಸರಿನ ಕಥೆ ಹೇಳಬೇಕು. ನಮ್ಮ ಆಫೀಸಿನಲ್ಲಿ ಉಡುಪಿ-ಮಂಗಳೂರು ಕಡೆಯ ಭಾಸ್ಕರರು ಮೂವರಿದ್ದೆವು. ವ್ಯಾನು ಓಡಿಸುವವನು ಡ್ರೈವರ್ ಭಾಸ್ಕರ, ಚಹಾ ಮಾಡುವವನು ಚಾಯ ಭಾಸ್ಕರ. ನಾನು ಗಿರಾಕಿಗಳಿಗೆ ಬಿಲ್ಲು ಬರೆಯುವವನಾದ್ದರಿಂದ ಬಿಲ್ಲು ಭಾಸ್ಕರ. ಈ ಬಿರುದನ್ನು ಕೊಟ್ಟವನು ನಮ್ಮ ಸ್ಟೋರ್ ಕೀಪರ್ ಲಾರೆನ್ಸ್. ಬಾಯಿ ಬಿಟ್ಟರೆ ತಮಾಷೆ, ಬೇರೆಯವರ ಪ್ರಾಣ ಹೋದರೂ ತಮಾಷೆ.

ಇನ್ನು ನನ್ನ ಮನೆಯ ಕಥೆ. ಸಾಲ್ಮಿಯಾದ ನಮ್ಮ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಚಹಾದ ಜೊತೆ, ರಾತ್ರಿ ಗಂಜಿಯ ಜೊತೆ ತಪ್ಪದೆ ಬಡಿಸುತ್ತಿದ್ದ ಪದಾರ್ಥ ಒಂದುಂಟು. ಅದು ಸುಧೀರನ ವೀಸಾ. ಸುಧೀರ ನನ್ನ ಹೆಂಡತಿ ಶಶಿಕಲಾಳ ಒಬ್ಬನೇ ತಮ್ಮ. ಬಿ.ಕಾಂ. ಪಾಸು ಮಾಡಿ, ಊರಲ್ಲಿ ಕೆಲಸ ಹುಡುಕುವ ಕೆಲಸದಲ್ಲಿ ಬಹಳ ಬ್ಯುಸಿಯಾಗಿದ್ದ.

"ನಿಮ್ಮ ಲಾರೆನ್ಸ್ ಇಬ್ಬರು ತಮ್ಮಂದಿರನ್ನು ಕರೆಸಿದ, ಭಾವನನ್ನು ಕರೆಸಿದ, ಆ ಭಾವನ ಚಿಕ್ಕಪ್ಪನ ಮಗನನ್ನೂ ಕರೆಸಿದ. ನಿಮಗೆ ಒಬ್ಬ ಸುಧೀರನನ್ನು ಕರೆಸ್ಲಿಕ್ಕೆ ಆಗ್ಲಿಲ್ಲ. ಎಂತ ಗಂಡಸು ಮಾರಾಯ್ರೆ ನೀವು?"

"ಬಾಬಾ ಸಹಿ ಹಾಕ್ಬೇಕಲ್ಲ ಶಶಿ!"

ಬಾಬಾ ಅಂದರೆ ನಮ್ಮ ಕಂಪೆನಿಯ ಯಜಮಾನ, ನಮಗೆಲ್ಲ ಜಾಮೀನು ನಿಂತ ಕಫೀಲ್. ವೀಸಾ ಅವರ ಕೈಯಲ್ಲಿ. ಅವರು ನಕ್ಕದ್ದನ್ನು ನೋಡಿದವರು ಆಫೀಸಿನಲ್ಲಿ ಒಬ್ಬರೂ ಇರಲಿಲ್ಲ. ನಾನು ಸುಧೀರನ ವಿಷಯ ಎತ್ತಿದಾಗೆಲ್ಲ "ಬುಕ್ರಾ" ಅನ್ನುತ್ತಿದ್ದರು. ಬುಕ್ರಾ ಅಂದರೆ ನಾಳೆ. ಅವರ ನಾಳೆ ಮೂರು ವರ್ಷದಿಂದ ಬಂದಿರಲಿಲ್ಲ!

ಇಂಥ ಹೊತ್ತಿನಲ್ಲಿ ಬಾಬಾರ ಮಗ ಬದರ್ ಮ್ಯಾನೇಜರಾಗಿ ಬಂದು ಕೂತ. ಅಮೆರಿಕದಲ್ಲಿ ಓದಿದ ಹುಡುಗ. ಓದಿನ ಜೊತೆ ಅಲ್ಲಿಂದ ಇನ್ನೊಂದು ಹುಚ್ಚನ್ನೂ ತಂದಿದ್ದ. ವರ್ಷಾ ವರ್ಷಾ ಅಕ್ಟೋಬರಿನಲ್ಲಿ ಅಮೆರಿಕಕ್ಕೆ ಹೋಗಿ, ಹಳೆಯ ಗೆಳೆಯರ ಜೊತೆ ಕಾಡಿಗೆ ನುಗ್ಗಿ, ಬಿಲ್ಲು ಬಾಣದಿಂದ ಜಿಂಕೆ ಹೊಡೆಯುವುದು. ಅದಕ್ಕೆ ಅವರು ಜಿಂಕೆ ಸೀಸನ್ ಅನ್ನುತ್ತಾರಂತೆ. "ನಮ್ಮಲ್ಲಿ ಮಾವಿನ ಸೀಸನ್ ಉಂಟು, ಬಂಗುಡೆ ಸೀಸನ್ ಉಂಟು. ಇದು ಯಾವ ಸೀಸನ್ನಪ್ಪ!" ಎಂದು ಲಾರೆನ್ಸ್ ಮೂಗಿನ ಮೇಲೆ ಬೆರಳಿಟ್ಟುಕೊಂಡ.

ಅನಾಹುತ ಆದದ್ದು ಒಂದು ಶನಿವಾರ. ಬದರ್ ತನ್ನ ಹೊಸ ಬಿಲ್ಲನ್ನು ಆಫೀಸಿಗೇ ತಂದು, ಮೇಜಿನ ಮೇಲಿಟ್ಟು, ಲಾರೆನ್ಸನಿಗೆ ತೋರಿಸುತ್ತಿದ್ದ.

"ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತಾರೆ?"

"ಬಿಲ್ಲು, ಸರ್."

ಸರಿಯಾಗಿ ಅದೇ ಹೊತ್ತಿಗೆ ಚಾಯ ಭಾಸ್ಕರ ಹೊರಗಿನಿಂದ ಕೂಗಿದ. "ಬಿಲ್ಲು ಭಾಸ್ಕರಣ್ಣಾ! ಚಾಯ!"

ಬದರ್‌ನ ಕಿವಿ ನೆಟ್ಟಗಾಯಿತು. "ಬಿಲ್ಲು ಭಾಸ್ಕರ? ಇವನು ಬಿಲ್ಲಿನವನಾ?"

ಲಾರೆನ್ಸ್ ನನ್ನ ಮುಖ ನೋಡಿದ. ಆಮೇಲೆ ಚರ್ಚಿನಲ್ಲಿ ಪ್ರಮಾಣ ಮಾಡುವವನಂತೆ ಗಂಭೀರವಾಗಿ ಹೇಳಿದ. "ಹೌದು ಸರ್. ಊರಿಗೆಲ್ಲ ಗೊತ್ತು."

"ಅಲ್ಲ ಸರ್, ಬಿಲ್ ಬರೆಯುವವನು" ಎನ್ನಲು ನಾನು ಬಾಯಿ ತೆರೆದೆ. ಸತ್ಯವಾಗಿ ತೆರೆದೆ. ಆದರೆ ತೆರೆದ ಬಾಯಿಯ ಮುಂದೆ ಸುಧೀರನ ಪಾಸ್‌ಪೋರ್ಟ್ ಫೋಟೋ ಬಂದು ನಿಂತಿತು. ಹಿಂದೆ ಶಶಿಕಲಾ ನಿಂತಿದ್ದಳು. ಬಾಯಿ ಮುಚ್ಚಿ ತಲೆ ಆಡಿಸಿದೆ. ಅಷ್ಟೇ ಸಾಲದು ಎಂದು, ಸಾವಿರ ಜನರ ಮುಂದೆ ಬಿಲ್ಲು ಹಿಡಿದಿದ್ದೇನೆ ಎಂದೂ ಸೇರಿಸಿದೆ. ಅದು ಸುಳ್ಳಲ್ಲ. ಹಿಂದಿನ ವರ್ಷ ಕುವೈತಿನಲ್ಲಿ ನಮ್ಮವರು ಆಡಿದ ಯಕ್ಷಗಾನದಲ್ಲಿ ಬೇಡರ ಪಡೆಯಲ್ಲಿ ಎಡದಿಂದ ಮೂರನೆಯವನು ನಾನೇ!

ಬದರ್ ಎದ್ದು ಬಂದು ನನ್ನ ಭುಜ ತಟ್ಟಿದ. "ಶುಕ್ರವಾರ ವಫ್ರಾದ ನಮ್ಮ ತೋಟಕ್ಕೆ ಬಾ. ಸೀಸನ್‌ಗೆ ಮೊದಲು ಪ್ರತಿಯೊಬ್ಬನಿಗೂ ಒಂದು ಗುರಿ ಇರಬೇಕು. ನನ್ನ ಗುರಿ ಒಂದೇ ಬಾಣಕ್ಕೆ ಒಂದು ದೊಡ್ಡ ಗಂಡು ಜಿಂಕೆ. ನಿನ್ನ ಗುರಿ ಏನು?"

ನನ್ನ ಗುರಿ ಬಿ.ಕಾಂ. ಪಾಸಾಗಿ ಊರಲ್ಲಿ ಕೂತಿತ್ತು. ಅದನ್ನು ಹೇಳುವ ಹಾಗಿಲ್ಲ. "ಜಿಂಕೆಯ ಎದೆಗೇ ಹೊಡೆಯುವುದು ಸರ್" ಎಂದೆ.

ಮೊದಲ ಶುಕ್ರವಾರ ಬೆಳಿಗ್ಗೆ ತೋಟದಲ್ಲಿ ಜಿಂಕೆಯ ದರ್ಶನವಾಯಿತು. ಅಮೆರಿಕದಿಂದ ಹಡಗಿನಲ್ಲಿ ಬಂದ ಫೋಮಿನ ಜಿಂಕೆ! ಹಾಸಿಗೆಗೆ ತುಂಬುವ ಫೋಮಿಗಿಂತ ಸ್ವಲ್ಪ ಗಟ್ಟಿ. ಸೌತೆಕಾಯಿಯ ಗ್ರೀನ್‌ಹೌಸಿನ ಪಕ್ಕದಲ್ಲಿ ಕೊಂಬೆತ್ತಿಕೊಂಡು ನಮ್ಮನ್ನೇ ನೋಡುತ್ತಿತ್ತು. ಸಂತೋಷವಾಯಿತು. ಓಡದ ಜಿಂಕೆಯನ್ನು ಹೊಡೆಯದಿರಲು ನಾನೇನು ಕುರುಡನೇ?

ಬದರ್ ಬಿಲ್ಲನ್ನು ಕೈಗೆ ಕೊಟ್ಟ. ನೋಡಿದರೆ ಅದು ಬಿಲ್ಲೇ ಅಲ್ಲ! ಎರಡು ತುದಿಯಲ್ಲೂ ಗಾಲಿ, ನಡುವೆ ಮೂರು ನಾಲ್ಕು ತಂತಿ. ಸೈಕಲ್ ರಿಪೇರಿಗೆ ಬಿಚ್ಚಿಟ್ಟ ಹಾಗಿತ್ತು. ಎಳೆದೆ. ಬರಲಿಲ್ಲ. ಉಸಿರು ಕಟ್ಟಿ ಎಳೆದೆ. ಹೊಟ್ಟೆಯ ಬೆಲ್ಟು ತುಂಡಾಯಿತೇ ಹೊರತು ತಂತಿ ಅಲುಗಲಿಲ್ಲ. ಮಾನ ಹೋಗುವ ಹೊತ್ತಿಗೆ ನನ್ನನ್ನು ಕಾಪಾಡಿದ್ದು ಯಕ್ಷಗಾನ. ಬಿಲ್ಲನ್ನು ಎದೆಗೆ ಹಿಡಿದು, "ತೈತ ತಕತ" ಎಂದು ಎರಡು ಸುತ್ತು ತಿರುಗಿ, ಕಾಲು ಅಪ್ಪಳಿಸಿ ನಿಂತೆ.

"ಇದೇನು?" ಎಂದ ಬದರ್, ಕಣ್ಣರಳಿಸಿ.

"ನಮ್ಮ ಪದ್ಧತಿ ಸರ್. ಮೊದಲ ದಿನ ಬಾಣ ಬಿಡುವುದಿಲ್ಲ."

ಬದರ್‌ಗೆ ಭಾರತದ ಮೇಲೆ ಗೌರವ ಹೆಚ್ಚಿತು. ತೋಟದ ಕೆಲಸದ ರಫೀಕ್ ಭಾಯಿ ಮಾತ್ರ ನೀರಿನ ಪೈಪು ಹಿಡಿದುಕೊಂಡು ನನ್ನನ್ನು ಬಹಳ ಹೊತ್ತು ಅನುಮಾನದಿಂದ ನೋಡಿದ.

ಆ ವಾರ ಮನೆಯಲ್ಲಿ ನನ್ನ ತರಬೇತಿ ಶುರುವಾಯಿತು. ಗುರು ಶಶಿಕಲಾ. ನೀರು ತುಂಬಿದ ಬಕೆಟನ್ನು ಒಂದೇ ಕೈಯಲ್ಲಿ ಎತ್ತಿ ನಿಲ್ಲಬೇಕು. ಬಾಗಿಲ ಹಿಡಿಗೆ ಟಯರ್ ಟ್ಯೂಬ್ ಕಟ್ಟಿ ಕಿವಿಯವರೆಗೆ ಎಳೆಯಬೇಕು. ಮೂರನೆಯ ದಿನ ಹಿಡಿ ಕಿತ್ತು ಬಂದು ನನ್ನ ಹಣೆಗೆ ಬಡಿಯಿತು. ಭುಜ ಬಾತುಕೊಂಡಿತು.

"ಅಯ್ಯೋ, ಸತ್ತೆ ಶಶಿ!"

"ಸಾಯುವುದು ಸುಧೀರ ಬಂದ ಮೇಲೆ" ಎನ್ನುತ್ತ ಅವಳು ಭುಜಕ್ಕೆ ಎಣ್ಣೆ ತಿಕ್ಕಿದಳು. "ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇನೆ, ಈ ವರ್ಷ ಗ್ಯಾರಂಟಿ ಅಂತ. ನನ್ನ ಮರ್ಯಾದೆ ನಿಮ್ಮ ಭುಜದ ಮೇಲೆ ಉಂಟು. ತಿಳೀತಾ?"

ತಿಳಿಯಿತು. ಅದಕ್ಕೇ ಅಷ್ಟು ನೋವು!

ಎರಡನೆಯ ಶುಕ್ರವಾರ ಹೇಗೋ ತಂತಿ ಎಳೆದೆ. ಬಾಣ ಹೋಯಿತು. ಎಲ್ಲಿ ಹೋಯಿತೆಂದು ನಾವು ಮೂವರೂ ಹುಡುಕಿದೆವು. ಬದರ್‌ನ ಜೀಪಿನ ಟಯರಿನಲ್ಲಿ ಸಿಕ್ಕಿತು. ಜೀಪು ನಿಂತದ್ದು ನನ್ನ ಹಿಂದೆ! ಅದು ಹೇಗೆ ಸಾಧ್ಯ ಎಂದು ಬದರ್ ಕೇಳಿದ. ನನಗೂ ಅದೇ ಪ್ರಶ್ನೆ ಇತ್ತು. ಮೂರನೆಯ ಶುಕ್ರವಾರ ಗ್ರೀನ್‌ಹೌಸಿನ ಪ್ಲಾಸ್ಟಿಕ್ಕಿಗೆ ತೂತು. ಅದರ ಮುಂದಿನದಕ್ಕೆ ನೀರಿನ ಪೈಪು ಸೀಳಿ ಕಾರಂಜಿ. ಒಂದು ಸಲ ನಾಲ್ಕು ಟೊಮೆಟೊವನ್ನು ಒಂದೇ ಬಾಣಕ್ಕೆ ಪೋಣಿಸಿದೆ. ಅದನ್ನು ಬೇಕೆಂದೇ ಮಾಡಿದ್ದರೆ ನನಗೆ ಪದಕ ಕೊಡಬಹುದಿತ್ತು.

ಬಿಸಿಲು ಏರಿದ ಹಾಗೆ ನನ್ನ ಗುರಿ ಇಳಿಯುತ್ತ ಬಂತು. ಬದರ್ ಪ್ರತಿ ವಾರ ಕೇಳುವುದು ಬಿಡಲಿಲ್ಲ, "ಇವತ್ತು ನಿನ್ನ ಗುರಿ ಏನು?" ಎದೆ ಹೋಗಿ ಜಿಂಕೆಯ ಯಾವ ಭಾಗವಾದರೂ ಸಾಕು ಎಂದಾಯಿತು. ಆಮೇಲೆ ಜಿಂಕೆ ನಿಂತ ಗದ್ದೆಯೊಳಗೆ ಬಿದ್ದರೆ ಸಾಕು ಎಂದಾಯಿತು. ಆಮೇಲೆ ಬಾಣ ಮುಂದಕ್ಕೆ ಹೋದರೆ ಸಾಕು. ಜುಲೈ ಬರುವಾಗ ನನ್ನ ಗುರಿ, ಯಾರೂ ಸಾಯದಿದ್ದರೆ ಸಾಕು ಎಂಬಲ್ಲಿಗೆ ಬಂದು ನಿಂತಿತ್ತು. ನನ್ನ ಮೇಲೆ ನನಗೇ ಜಿಗುಪ್ಸೆ ಬಂತು. ರಾತ್ರಿ ನಿದ್ದೆಯಲ್ಲೂ ಜಿಂಕೆ ಬಂದು "ಬುಕ್ರಾ" ಎನ್ನುತ್ತಿತ್ತು.

ಒಂದು ಶುಕ್ರವಾರ ನೋಡಿದರೆ ರಫೀಕ್ ಭಾಯಿ ಜಿಂಕೆಗೆ ಒರಗಿ ಕೂತು ಆರಾಮವಾಗಿ ರೊಟ್ಟಿ ತಿನ್ನುತ್ತಿದ್ದ.

"ಅರೆ ಭಾಯಿ, ಅಲ್ಲಿ ಯಾಕೆ ಕೂತೆ? ಬಾಣ ತಾಗೀತು!"

"ಇಡೀ ತೋಟದಲ್ಲಿ ಸುರಕ್ಷಿತ ಜಾಗ ಇದೊಂದೇ ಭಾಯಿ" ಎಂದು ಅವನು ಇನ್ನೊಂದು ರೊಟ್ಟಿ ತೆಗೆದ.

ಜುಲೈ ನಡುವಿನ ಶುಕ್ರವಾರ ಬಾಬಾ ತಾವೇ ತೋಟಕ್ಕೆ ಬಂದರು. ಬೆಳ್ಳಗಿನ ನಿಲುವಂಗಿ, ಕಪ್ಪು ಕನ್ನಡಕ, ಕೈಯಲ್ಲಿ ಜಪಮಣಿ. ಖರ್ಜೂರದ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಭಾರತದ ಬಿಲ್ಲುಗಾರನ ಬಗ್ಗೆ ಮಗ ಏನೇನು ಹೊಗಳಿದ್ದನೋ ದೇವರೇ ಬಲ್ಲ. ಇದು ಕೊನೆಯ ಅವಕಾಶ. ಇವತ್ತು ತಪ್ಪಿದರೆ ವೀಸಾವೂ ಇಲ್ಲ, ಬಹುಶಃ ಕೆಲಸವೂ ಇಲ್ಲ. ಆ ಟಯರು, ಆ ಪೈಪು, ಆ ಟೊಮೆಟೊ ಎಲ್ಲ ಬಾಬಾರ ಸೊತ್ತು!

"ಯಲ್ಲಾ! ಹೂಂ, ಹೊಡಿ!" ಎಂದರು ಬಾಬಾ.

ಎಳೆದೆ. ಬೆವರು ಕಣ್ಣಿಗೆ ಇಳಿಯಿತು. ಅಷ್ಟರಲ್ಲಿ ಒಂದು ನೊಣ ಬಂದು ಮೂಗಿನ ಮೇಲೆ ಕೂತಿತು. ಸೀನು ಬಂತು. ಕೈ ಬಿಟ್ಟಿತು. ಬಾಣ ನೇರ ಆಕಾಶದ ಕಡೆ ಹೊರಟು, ನೀರಿನ ಟ್ಯಾಂಕಿಯ ಕಬ್ಬಿಣದ ಕಾಲಿಗೆ "ಟಣ್" ಎಂದು ಬಡಿದು, ಅಡ್ಡ ತಿರುಗಿ, ಗಿರಗಿರನೆ ಬಂದು, ಜಿಂಕೆಯ ಬಾಲದ ಕೆಳಗೆ ನಟ್ಟು ನಿಂತಿತು. ಜಿಂಕೆಗೆ ಒರಗಿದ್ದ ರಫೀಕ್ ಭಾಯಿ ಒಂದೇ ನೆಗೆತಕ್ಕೆ ಗ್ರೀನ್‌ಹೌಸಿನೊಳಗಿದ್ದ.

ಖಲಾಸ್, ನನ್ನ ಕಥೆ ಮುಗಿಯಿತು ಎಂದು ಕಣ್ಣು ಮುಚ್ಚಿದೆ. ಆಗ ಏನೋ ಸದ್ದು ಕೇಳಿತು. ಹಳೇ ವ್ಯಾನು ಸ್ಟಾರ್ಟ್ ಆಗಲು ಒದ್ದಾಡುವ ಹಾಗೆ. ಕಣ್ಣು ಬಿಟ್ಟರೆ ಬಾಬಾ ನಗುತ್ತಿದ್ದರು! ಹೊಟ್ಟೆ ಹಿಡಿದುಕೊಂಡು, ಕನ್ನಡಕ ಕಳಚಿ ಬಿದ್ದು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದರು. ಬದರ್ ಅಪ್ಪನನ್ನು ನೋಡಿ ಬೆಪ್ಪಾಗಿ ನಿಂತಿದ್ದ.

"ಏನು ಬೇಕು ನಿನಗೆ? ಕೇಳು!" ಎಂದರು ಬಾಬಾ, ಉಸಿರು ತಿರುಗಿದ ಮೇಲೆ.

ಕೇಳಿದೆ.

ನಾಳೆ ಎನ್ನುತ್ತಿದ್ದವರು ಮರುದಿನವೇ ಸಹಿ ಹಾಕಿದರು. ಕೌಂಟರಿನಿಂದ ಕೌಂಟರಿಗೆ ಜಿಂಕೆಯ ಕಥೆ ಹೇಳಿ, ಅಧಿಕಾರಿಗಳನ್ನೆಲ್ಲ ನಗಿಸಿ, ತಾವೇ ಕಾಗದ ಓಡಿಸಿದರು. ಮೂರು ವರ್ಷ ಆಗದ ಕೆಲಸ ಎರಡು ವಾರದಲ್ಲಿ ಆಯಿತು! ಶಶಿಕಲಾ ಬಿರಿಯಾನಿ ಮಾಡಿದಳು. ಲಾರೆನ್ಸ್ ಬಂದು ಎರಡು ಸಲ ಬಡಿಸಿಕೊಂಡು ಉಂಡ. ನಾನು ಕನ್ನಡಿಯ ಮುಂದೆ ನಿಂತು, ಪರವಾಗಿಲ್ಲ ಭಾಸ್ಕರ, ಜೀವನದಲ್ಲಿ ಒಂದು ಗುರಿಯಾದರೂ ಮುಟ್ಟಿದೆ ಎಂದು ನನಗೇ ಹೇಳಿಕೊಂಡೆ.

ಸುಧೀರ ಬಂದದ್ದು ಜುಲೈ ಕೊನೆಯ ಮಂಗಳವಾರ. ಎರಡು ದೊಡ್ಡ ಕಟ್ಟು ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಯ ಭರಣಿ, ಹೊಸದಾಗಿ ಹೊಲಿಸಿದ ಆರು ಶರ್ಟು. ಬುಧವಾರ ಆಫೀಸಿಗೆ ಕರೆದುಕೊಂಡು ಹೋಗಿ ಅವನ ಮೇಜು, ಅವನ ಕುರ್ಚಿ ತೋರಿಸಿದೆ. ಕುರ್ಚಿಯಲ್ಲಿ ಕೂತು ಎರಡು ಸುತ್ತು ತಿರುಗಿ, "ಒಳ್ಳೆಯದುಂಟು ಭಾವ" ಎಂದ.

ಗುರುವಾರ ನಸುಕಿಗೆ ಗುಡುಗಿನಂಥ ಸದ್ದು. ಕಿಟಕಿಯಿಂದ ನೋಡಿದರೆ ರಸ್ತೆಯಲ್ಲಿ ಸೈನ್ಯದ ಟ್ರಕ್ಕುಗಳ ಸಾಲು. ಆಕಾಶದಲ್ಲಿ ಹೆಲಿಕಾಪ್ಟರ್. ಇರಾಕಿನವರು ನುಗ್ಗಿದ್ದಾರೆ ಎಂದು ಕೆಳಗಿನ ಮನೆಯವರು ಕೂಗುತ್ತಿದ್ದರು. ಸುಧೀರ ಹೊಸ ಶರ್ಟು ಹಾಕಿ, ತಲೆ ಬಾಚಿ, ಡ್ಯೂಟಿಗೆ ರೆಡಿಯಾಗಿ ನಿಂತಿದ್ದ. ಬಗ್ಗಿ ನೋಡಿ ನನ್ನನ್ನು ಕೇಳಿದ.

"ಭಾವ, ಇಲ್ಲಿ ದಿನಾ ಹೀಗೆಯಾ?"

ಮೂರು ವರ್ಷ ಬಾರದವನನ್ನು, ಟಯರ್ ಟ್ಯೂಬ್ ಎಳೆದು, ಭುಜ ಮುರಿದುಕೊಂಡು, ಸರಿಯಾಗಿ ಯುದ್ಧದ ಬಾಯಿಗೇ ತಂದು ಹಾಕಿದ್ದೆ. ತಪ್ಪಿದ ಬಾಣವೆಲ್ಲ ದೇವರು ಕೊಟ್ಟ ಬುದ್ಧಿಮಾತಾಗಿತ್ತು. ತಾಗಿದ ಒಂದು ಬಾಣ ಎಲ್ಲವನ್ನೂ ಕೆಡಿಸಿತು!

ಶಶಿಕಲಾ ಗೋಡೆಗೆ ಒರಗಿ ಅಳುತ್ತಿದ್ದಳು. "ಅಮ್ಮನಿಗೆ ಎಂತ ಮುಖ ತೋರಿಸುವುದು ಮಾರಾಯ್ರೆ? ಒಬ್ಬನೇ ಮಗ. ನಾನೇ ಹಟ ಮಾಡಿ ಕರೆಸಿದೆ."

"ಅಳಬೇಡ" ಎಂದೆ. ನನಗೂ ಅಳು ಬರುತ್ತಿತ್ತು. ಆವತ್ತಿನಿಂದ ನನಗಿದ್ದದ್ದು ಒಂದೇ ಗುರಿ. ಸುಧೀರನನ್ನು ಅವನ ಅಮ್ಮನಿಗೆ ಇಡಿಯಾಗಿ ವಾಪಸು ಒಪ್ಪಿಸುವುದು.

ಬಾಬಾರ ಮನೆಯವರು ತೋಟದ ದಾರಿಯಿಂದ ಗಡಿ ದಾಟಿ ಸೌದಿಗೆ ಹೋದರೆಂದು ಸುದ್ದಿ ಬಂತು. ನಮ್ಮ ಪಾಸ್‌ಪೋರ್ಟುಗಳು ಆಫೀಸಿನ ಕಪಾಟಿನಲ್ಲಿದ್ದವು. ಸ್ಟೋರಿನ ಬೀಗದ ಕೈ ಇದ್ದ ಲಾರೆನ್ಸ್ ಜೀವ ಕೈಯಲ್ಲಿ ಹಿಡಿದು ಹೋಗಿ ತಂದುಕೊಟ್ಟ. ಆವತ್ತೊಂದು ದಿನ ಅವನು ತಮಾಷೆ ಮಾಡಲಿಲ್ಲ. ಆಮೇಲೆ ಸೆಪ್ಟೆಂಬರಿನವರೆಗೆ ಕುಬ್ಬೂಸ್ ರೊಟ್ಟಿಗೆ ಸಾಲು ನಿಂತೆವು. ಅಂಗಡಿಗಳು ಖಾಲಿ. ಹಲಸಿನ ಹಪ್ಪಳ ಮಾತ್ರ ಬೇಕಾದಷ್ಟಿತ್ತು. ಎಣ್ಣೆಯ ಮೇಲೆ ತೇಲುವ ದೇಶದಲ್ಲಿ ಕೂತು, ಕರಿಯಲು ಎಣ್ಣೆ ಇಲ್ಲದೆ, ಹಸಿ ಹಪ್ಪಳ ಜಗಿದೆವು!

ಕೊನೆಗೆ ಬಸ್ಸು ಸಿಕ್ಕಿತು. ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಗಡಿಯ ಡೇರೆಗಳು. ಹಗಲು ಸುಡುವ ಮರಳು, ರಾತ್ರಿ ಚಳಿ. ನೀರಿನ ಲಾರಿ ಬಂದಾಗ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನಾನು ಸುಧೀರನ ಶರ್ಟಿನ ತುದಿ ಬಿಡಲಿಲ್ಲ. "ಭಾವ, ಶರ್ಟು ಹರಿಯುತ್ತದೆ" ಎನ್ನುತ್ತಿದ್ದ. ಹರಿಯಲಿ ಎಂದೆ. ಅಮ್ಮಾನಿನಲ್ಲಿ ವಿಮಾನ ಹತ್ತಿದಾಗ ಆರರಲ್ಲಿ ಎರಡು ಶರ್ಟು ಉಳಿದಿದ್ದವು. ಸುಧೀರ ಪೂರ್ತಿ ಉಳಿದಿದ್ದ.

ಊರು ಮುಟ್ಟಿದಾಗ ಅತ್ತೆ, ಮಗನನ್ನು ತಬ್ಬಿಕೊಂಡು, ಮೈಯೆಲ್ಲ ಮುಟ್ಟಿ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

"ಅಳಿಯಂದಿರೇ, ವೀಸಾ ಕೊಡಿಸ್ಲಿಕ್ಕೆ ನಿಮಗೆ ಬೇರೆ ವಾರ ಸಿಗಲೇ ಇಲ್ಲವಾ?"

ಸುರತ್ಕಲ್ಲಿನಲ್ಲಿ ಬಾಡಿಗೆ ಮನೆ ಹಿಡಿದು, ಪೇಪರಿನಲ್ಲಿ ಯುದ್ಧದ ಸುದ್ದಿ ಓದುತ್ತ ಕೂತೆ. ಯುದ್ಧ ಮುಗಿಯಿತು. ಕುವೈತಿನ ಎಣ್ಣೆ ಬಾವಿಗಳು ಹೊತ್ತಿ ಉರಿಯುವ ಚಿತ್ರ ಬಂತು. ನನ್ನ ಕುರ್ಚಿ, ನನ್ನ ಮೇಜು, ನನ್ನ ಹನ್ನೆರಡು ವರ್ಷ ಎಲ್ಲ ಆ ಹೊಗೆಯಲ್ಲೇ ಹೋಯಿತು ಎಂದುಕೊಂಡೆ.

1991ರ ಬೇಸಿಗೆಯಲ್ಲಿ ಪಕ್ಕದ ಮನೆಯ ಫೋನಿಗೆ ನನಗೊಂದು ಕರೆ ಬಂತು. ನಾನು ಓಡಿದೆ. ಹಿಂದೆ ಶಶಿಕಲಾ, ಅವಳ ಹಿಂದೆ ಸುಧೀರ. ಆ ಕಡೆ ಬದರ್! ಲಾರೆನ್ಸ್ ನಂಬರು ಕೊಟ್ಟನಂತೆ.

"ಭಾಸ್ಕರ! ತೋಟ ಹಾಳಾಗಿದೆ. ಗ್ರೀನ್‌ಹೌಸ್ ಇಲ್ಲ, ಟ್ಯಾಂಕಿ ಇಲ್ಲ. ಹೊಗೆಯಿಂದ ಮಧ್ಯಾಹ್ನವೂ ಕತ್ತಲು. ಆದರೆ ಜಿಂಕೆ ನಿಂತಿದೆ! ಕಪ್ಪಾಗಿದೆ, ಒಂದು ಕೊಂಬು ಇಲ್ಲ. ನಿನ್ನ ಬಾಣ ಹಾಗೇ ಇದೆ."

"ಬಾಬಾ ಹೇಗಿದ್ದಾರೆ ಸರ್?"

"ಇದ್ದಾರೆ. ಮಾತು ಕಡಿಮೆ. ಕಳೆದ ಆಗಸ್ಟಿನಿಂದ ಒಂದು ಸಲವೂ ನಕ್ಕಿಲ್ಲ. ಮೊನ್ನೆ ಜಿಂಕೆಯ ಹಿಂದೆ ಹೋಗಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ, ಆ ಬಿಲ್ಲಿನವನನ್ನು ಕರೆಸು ಎಂದರು. ನಿನಗೆ ವೀಸಾ ಕಳಿಸುತ್ತೇನೆ. ಬಿಲ್ಲು ಬರೆಯಲೂ ಜನ ಇಲ್ಲ. ಆದರೆ ಬಂದವನೇ ಮೊದಲು ತೋಟಕ್ಕೆ ಬರಬೇಕು. ಆವತ್ತಿನ ಹಾಗೇ ಒಂದು ಬಾಣ ಬಿಡಬೇಕು. ಈ ಸೀಸನ್‌ಗೆ ನನ್ನ ಗುರಿ ಅದೊಂದೇ, ಅಪ್ಪ ನಗಬೇಕು. ನಿನ್ನ ಗುರಿ ಏನು?"

ಬಿಲ್ಲು ಬರೆಯಲು! ಹಾಗಾದರೆ ನನ್ನ ಹೆಸರಿನ ಗುಟ್ಟು ಇವನಿಗೆ ಗೊತ್ತಿತ್ತೇ? ಯಾವಾಗಿನಿಂದ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅಷ್ಟರಲ್ಲಿ ಯಾರೋ ನನ್ನ ಪಕ್ಕೆಗೆ ಚಿವುಟಿದರು. ಸುಧೀರ!

"ಭಾವ" ಎಂದು ಪಿಸುಗುಟ್ಟಿದ. "ನನ್ನದೂ ಒಂದು ಕೇಳಿ. ಆ ಕುರ್ಚಿ ಒಳ್ಳೆಯದಿತ್ತು."

ಈಗ ನಾನು ಬಾಡಿಗೆ ಮನೆಯ ಅಂಗಳದಲ್ಲಿ ಪುನಃ ಅಭ್ಯಾಸ ಮಾಡುತ್ತಿದ್ದೇನೆ. ಹಿಡಿಸೂಡಿ ಕಡ್ಡಿಯ ಬಿಲ್ಲು, ಕಡ್ಡಿಯದೇ ಬಾಣ. ತೆಂಗಿನ ಮರದ ಮೇಲೆ ಸುಧೀರ ಮಸಿಯಿಂದ ಒಂದು ಜಿಂಕೆ ಬರೆದುಕೊಟ್ಟಿದ್ದಾನೆ. ಪಕ್ಕದಲ್ಲಿ ನಿಂತು ತಿದ್ದುತ್ತಾನೆ ಕೂಡ. ಜಿಂಕೆಯ ಕಡೆ ನೋಡದೆ, ಆಕಾಶಕ್ಕೆ ಬಿಟ್ಟು, ಬಾವಿಕಟ್ಟೆಗೆ ತಾಗಿ, ಅಡ್ಡ ತಿರುಗಿ ಬರಬೇಕು. ಮೂಗಿಗೆ ನಶ್ಯ ಹಾಕಿ ಸೀನಿಯೂ ನೋಡಿದೆ. ಆದರೆ ಏನು ಹೇಳಲಿ! ಜಿಂಕೆಗೆ ಬೆನ್ನು ಹಾಕಿ ಬಿಟ್ಟರೂ, ಕಣ್ಣು ಮುಚ್ಚಿ ಬಿಟ್ಟರೂ, ಬಿಟ್ಟ ಬಾಣವೆಲ್ಲ ಸೀದಾ ಹೋಗಿ ಜಿಂಕೆಯ ಎದೆಗೇ ತಾಗುತ್ತಿದೆ! ಒಂದಾದರೂ ತಪ್ಪಲಿ ಎಂದು ದೇವರಿಗೆ ತೆಂಗಿನಕಾಯಿ ಹೇಳಿಕೊಂಡಿದ್ದೇನೆ. ತಪ್ಪುತ್ತಿಲ್ಲ. ಬಾಬಾ ಆ ಕರಿ ಹೊಗೆಯಲ್ಲಿ ಕುರ್ಚಿ ಹಾಕಿಕೊಂಡು ನನಗಾಗಿ ಕಾದಿರುವುದು ಕಣ್ಣಿಗೆ ಕಟ್ಟುತ್ತದೆ, ಬೇಕೆಂದೇ ಅಡ್ಡ ಎಳೆಯುತ್ತೇನೆ, ಆದರೂ ಎದೆಗೇ!

ನಿನ್ನೆ ಶಶಿಕಲಾ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಕೊನೆಗೆ ತಲೆಗೆ ಕೈ ಹೊಡೆದುಕೊಂಡು ಒಳಗೆ ಹೋದಳು.

"ಎಂತ ಮನುಷ್ಯ ಮಾರಾಯ್ರೆ ನೀವು! ಒಂದು ತಪ್ಪನ್ನು ಸಹ ಸರಿಯಾಗಿ ಮಾಡ್ಲಿಕ್ಕೆ ಬರುವುದಿಲ್ಲವಲ್ಲ ನಿಮಗೆ!"